ರೂಟರ್‌ಗೆ ಡಿಸ್ಕ್ ಸಿಕ್ಕಿಸಿದ ಮಾತ್ರಕ್ಕೆ ಬ್ಯಾಕಪ್ ಆಗದು

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡದ ಮನೆಮನೆಗೆ ಫೈಬರ್ ಇಂಟರ್‌ನೆಟ್ ಬಂದ ಮೇಲೆ ಪಡಸಾಲೆಯ ಮೂಲೆಯಲ್ಲಿ ರೂಟರ್ ಒಂದು ಕಾಯಂ ಆಗಿ ಕೂತಿದೆ. ಅದರ ಬೆನ್ನಿಗಿರುವ ಯುಎಸ್‌ಬಿ ಕಿಂಡಿಗೆ ಹಾರ್ಡ್‌ಡಿಸ್ಕ್ ಸಿಕ್ಕಿಸಿ, ಮನೆಯ ಕಂಪ್ಯೂಟರ್‌ಗಳ ಬ್ಯಾಕಪ್ಪನ್ನೆಲ್ಲ, ಅಂದರೆ ಫೈಲುಗಳ ಸುರಕ್ಷತೆಗೆ ಇಡುವ ನಕಲನ್ನೆಲ್ಲ, ಅದಕ್ಕೇ ಕಳಿಸುವವರು ಹೆಚ್ಚುತ್ತಿದ್ದಾರೆ. ವಿಚಾರ ಒಳ್ಳೆಯದೇ. ಆದರೆ ಬ್ಯಾಕಪ್ ನಿಂತ ಕೂಡಲೇ ‘ಡಿಸ್ಕ್ ಕೆಟ್ಟೇತಿ, ಹೊಸಾದು ಕೊಡ್ರಿ’ ಎಂದು ಅಂಗಡಿಗೆ ಹೋಗುವುದು ದುಡ್ಡು ಹಾಳು ಮಾಡುವ ದಾರಿ. ಬಹಳ ಸಲ ಡಿಸ್ಕ್ ಗಟ್ಟಿಯಾಗಿಯೇ ಇರುತ್ತದೆ. ತಪ್ಪಿರುವುದು ಕಂಪ್ಯೂಟರ್‌ನಿಂದ ಡಿಸ್ಕಿನವರೆಗಿನ ದಾರಿಯಲ್ಲಿ. ಇನ್ನೂ ದೊಡ್ಡ ತೊಂದರೆಯೆಂದರೆ, ಬ್ಯಾಕಪ್ ನಿಂತು ತಿಂಗಳುಗಳಾದರೂ ಡಿಸ್ಕಿನ ದೀಪ ಉರಿಯುತ್ತಲೇ ಇರುತ್ತದೆ. ಹೀಗಾಗಿ ಎಲ್ಲಿ ಏನು ತಪ್ಪುತ್ತದೆ, ಯಾವುದನ್ನು ಮೊದಲು ನೋಡಬೇಕು ಎಂಬುದನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ.

ಮೊದಲು ನೋಡಬೇಕಾದದ್ದು ಕರೆಂಟು. ಅಂಗೈಯಗಲದ 2.5 ಇಂಚಿನ ಡಿಸ್ಕಿಗೆ ಸ್ವಂತ ಅಡಾಪ್ಟರ್ ಇರುವುದಿಲ್ಲ, ಅದು ರೂಟರ್‌ನಿಂದಲೇ ಕರೆಂಟ್ ಎಳೆಯುತ್ತದೆ. ಯುಎಸ್‌ಬಿ 2.0 ಕಿಂಡಿ ನಿಯಮದ ಪ್ರಕಾರ ಕೊಡುವುದು 500 ಮಿಲಿಆಂಪಿಯರ್, ಯುಎಸ್‌ಬಿ 3.0 ಆದರೆ 900. ನಿಂತ ಡಿಸ್ಕ್ ತಿರುಗಲು ಶುರುವಾಗುವ ಕ್ಷಣದಲ್ಲಿ ಕೆಲವಕ್ಕೆ 1 ಆಂಪಿಯರ್‌ವರೆಗೂ ಬೇಕಾಗುತ್ತದೆ. ಆಗ ಡಿಸ್ಕ್ ಟಿಕ್ ಟಿಕ್ ಎನ್ನುತ್ತದೆ, ಕಾಣಿಸುತ್ತದೆ, ಮಾಯವಾಗುತ್ತದೆ. ಸಣ್ಣ ಫೈಲು ಹೋಗುತ್ತದೆ, ದೊಡ್ಡದು ಅರ್ಧಕ್ಕೆ ನಿಲ್ಲುತ್ತದೆ. ಅದೇ ಡಿಸ್ಕನ್ನು ನೇರವಾಗಿ ಕಂಪ್ಯೂಟರ್‌ಗೆ ಸಿಕ್ಕಿಸಿದಾಗ ಸರಾಗವಾಗಿ ನಡೆದರೆ ರೋಗ ಡಿಸ್ಕಿನದಲ್ಲ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ನಡುವೆ ಹಾಕಬೇಕು, ಇಲ್ಲವೇ 12 ವೋಲ್ಟ್ ಅಡಾಪ್ಟರ್ ಜೊತೆಗೇ ಬರುವ 3.5 ಇಂಚಿನ ಡಿಸ್ಕ್ ಬಳಸಬೇಕು. ರೂಟರ್‌ನ ಅಡಾಪ್ಟರ್ ಕೆಟ್ಟಾಗ ಸಿಕ್ಕಿದ್ದನ್ನು ಹಾಕಿಕೊಂಡಿದ್ದರೆ ಅದನ್ನೂ ನೋಡಿ: 12 ವೋಲ್ಟ್ 2 ಆಂಪಿಯರ್ ಇರಬೇಕಾದಲ್ಲಿ 1 ಆಂಪಿಯರ್‌ನದು ಕೂತರೆ ಇಂಟರ್‌ನೆಟ್ ನಡೆಯುತ್ತದೆ, ಡಿಸ್ಕ್ ನಡೆಯುವುದಿಲ್ಲ. ಉದ್ದನೆಯ, ತೆಳ್ಳನೆಯ ಕೇಬಲ್ಲೂ ಇದೇ ಕಾಟ ಕೊಡುತ್ತದೆ.

ಡಿಸ್ಕ್ ಸಿಕ್ಕಿಸಿದಾಗಿನಿಂದ ಮನೆಯ ವೈಫೈ ಕುಂಟುತ್ತಿದೆ ಎನ್ನುವವರ ಮಾತೂ ಸುಳ್ಳಲ್ಲ. ಯುಎಸ್‌ಬಿ 3.0 ಕೆಲಸ ಮಾಡುವಾಗ ಹೊಮ್ಮುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ವೈಫೈ ಇರುವ ಜಾಗದಲ್ಲೇ ಬೀಳುತ್ತದೆ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ಬರೆದಿಟ್ಟಿದೆ. ಡಿಸ್ಕನ್ನು ಆಂಟೆನಾದಿಂದ ದೂರ ಸರಿಸಿ, ಒಳ್ಳೆಯ ಹೊದಿಕೆಯ ಕೇಬಲ್ ಹಾಕಿ. ಕೆಲವು ರೂಟರ್‌ಗಳ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ 3.0 ಕಿಂಡಿಯನ್ನು 2.0ಕ್ಕೆ ಇಳಿಸುವ ಆಯ್ಕೆ ಇರುತ್ತದೆ, ಅದನ್ನೂ ಬಳಸಬಹುದು. ರೂಟರ್‌ನ ತಲೆಯ ಮೇಲೆ ಡಿಸ್ಕ್ ಇಡುವುದನ್ನಂತೂ ಬಿಡಲೇಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಎರಡರ ಕಾವೂ ಒಂದಕ್ಕೊಂದು ಕೂಡಿಕೊಳ್ಳುತ್ತದೆ.

ಎರಡನೆಯದು ಡಿಸ್ಕಿನ ಫಾರ್ಮ್ಯಾಟ್, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ರೀತಿ. ಫ್ಯಾಟ್32, ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ ಎಂಬುವು ಅದರ ಬಗೆಗಳು. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಬ್ಯಾಕಪ್ ಸಾಫ್ಟ್‌ವೇರ್ ಎಲ್ಲವನ್ನೂ ಒಂದೇ ದೊಡ್ಡ ಫೈಲಿಗೆ ತುಂಬುವಂಥದ್ದಾದರೆ ಪ್ರತಿಸಲ 4 ಜಿಬಿ ಹತ್ತಿರ ಬಂದು ನಿಲ್ಲುತ್ತದೆ, ಡಿಸ್ಕಿನಲ್ಲಿ 800 ಜಿಬಿ ಖಾಲಿ ಇದ್ದರೂ ಜಾಗವಿಲ್ಲ ಎಂಬ ಸಂದೇಶ ಬರಬಹುದು. ಎಕ್ಸ್‌ಫ್ಯಾಟ್‌ಗೆ ಈ ಮಿತಿ ಇಲ್ಲ, ಆದರೆ ಹಳೆಯ ರೂಟರ್‌ಗಳು ಅದನ್ನು ಓದುವುದೇ ಇಲ್ಲ. ವಿಂಡೋಸ್ ಬಳಸುವ ಮನೆಗೆ ಎನ್‌ಟಿಎಫ್‌ಎಸ್ ಸರಿ. 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ಬಳಸಲು ಜಿಪಿಟಿ ವಿಧಾನದ ಪಾರ್ಟಿಷನ್ (ಡಿಸ್ಕಿನ ಜಾಗವನ್ನು ಹಂಚುವ ಕ್ರಮ) ಬೇಕು. ಅದು ಅರ್ಥವಾಗದ ಹಳೆಯ ರೂಟರ್‌ಗೆ 4 ಟಿಬಿ ಡಿಸ್ಕ್ ಸಿಕ್ಕಿಸಿದರೆ ಏನೂ ಕಾಣುವುದಿಲ್ಲ. ಕೊಳ್ಳುವ ಮೊದಲು ರೂಟರ್‌ನ ಕೈಪಿಡಿಯಲ್ಲಿ ಫಾರ್ಮ್ಯಾಟ್ ಮತ್ತು ಡಿಸ್ಕಿನ ಗಾತ್ರದ ಮಿತಿ, ಈ ಎರಡನ್ನು ನೋಡಿಕೊಂಡರೆ ಸಾಕು.

ಎನ್‌ಟಿಎಫ್‌ಎಸ್‌ಗೆ ಇನ್ನೊಂದು ಸೂಕ್ಷ್ಮವಿದೆ. ಬರೆಯುತ್ತಿರುವಾಗ ಕರೆಂಟ್ ಹೋದರೆ, ಇಲ್ಲವೇ ಯಾರಾದರೂ ಡಿಸ್ಕನ್ನು ಹಾಗೇ ಕಿತ್ತರೆ, ಅದರ ಮೇಲೆ ‘ಸರಿಯಾಗಿ ಮುಚ್ಚಿಲ್ಲ’ ಎಂಬ ಗುರುತು ಉಳಿಯುತ್ತದೆ. ಆ ಗುರುತು ಕಂಡ ರೂಟರ್ ಸಾಮಾನ್ಯವಾಗಿ ಡಿಸ್ಕನ್ನು ಓದಲಿಕ್ಕಷ್ಟೇ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ. ಹಳೆಯ ಫೈಲುಗಳೆಲ್ಲ ಕಾಣುತ್ತವೆ, ಹೊಸದು ಹೋಗುವುದಿಲ್ಲ. ಜನ ಪಾಸ್‌ವರ್ಡ್ ತಪ್ಪಿರಬೇಕೆಂದು ಅದರ ಹಿಂದೆ ಬೀಳುತ್ತಾರೆ. ಮಾಡಬೇಕಾದದ್ದಿಷ್ಟು: ಡಿಸ್ಕನ್ನು ಕಂಪ್ಯೂಟರ್‌ಗೆ ಸಿಕ್ಕಿಸಿ, ಅದರ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಅಲ್ಲಿ ಟೂಲ್ಸ್, ಅಲ್ಲಿ ಚೆಕ್. ಮುಗಿದ ಮೇಲೆ ‘ಸೇಫ್ಲಿ ರಿಮೂವ್’ ಒತ್ತಿಯೇ ತೆಗೆಯಿರಿ. ಡಿಸ್ಕ್ ಸಿಕ್ಕಿರುವಂತೆಯೇ ಕಂಪ್ಯೂಟರ್ ಆಫ್ ಮಾಡಿ ಆಮೇಲೆ ಕಿತ್ತರೆ ಸಾಲದು. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದಾಗ ಕಂಪ್ಯೂಟರ್ ಪೂರ್ತಿ ಆಫ್ ಆಗುವುದಿಲ್ಲ, ಅರೆನಿದ್ದೆಗೆ ಹೋಗುತ್ತದೆ, ಡಿಸ್ಕಿನ ಗುರುತು ಹಾಗೇ ಉಳಿಯಬಹುದು.

ಇಲ್ಲೇ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ತಪ್ಪನ್ನು ಹೇಳಬೇಕು. ಕೆಲವು ರೂಟರ್‌ಗಳು ಡಿಸ್ಕನ್ನು ತಾವೇ ಫಾರ್ಮ್ಯಾಟ್ ಮಾಡಿಕೊಳ್ಳುತ್ತವೆ, ವಿಂಡೋಸ್‌ನ ಹಾಗೆ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್‌ನ ಇಎಕ್ಸ್‌ಟಿ4 ಮಾದರಿಯಲ್ಲಿ. ರೂಟರ್ ಕೆಟ್ಟಾಗ ಅಂಥ ಡಿಸ್ಕನ್ನು ವಿಂಡೋಸ್‌ಗೆ ಸಿಕ್ಕಿಸಿದರೆ ‘ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಪೆಟ್ಟಿಗೆ ಏಳುತ್ತದೆ. ದಯವಿಟ್ಟು ಆ ಗುಂಡಿ ಒತ್ತಬೇಡಿ. ಫೈಲುಗಳೆಲ್ಲ ಒಳಗೆ ಸುರಕ್ಷಿತವಾಗಿವೆ, ವಿಂಡೋಸ್‌ಗೆ ಅದರ ಭಾಷೆ ಬಾರದಷ್ಟೇ. ‘ಕ್ಯಾನ್ಸಲ್’ ಒತ್ತಿ ಡಿಸ್ಕ್ ತೆಗೆದಿಟ್ಟು, ಉಬುಂಟು ಎಂಬ ಉಚಿತ ಲಿನಕ್ಸ್ ಹಾಕಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿದರೆ ಎಲ್ಲವೂ ಕಾಣುತ್ತದೆ, ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು. ಮಕ್ಕಳ ಫೋಟೋ, ಮದುವೆಯ ವಿಡಿಯೋ ಕಳೆದುಕೊಂಡ ಎಷ್ಟೋ ಮನೆಗಳಲ್ಲಿ ಕಳೆದದ್ದು ಆ ಒಂದು ಒತ್ತಿನಿಂದ.

‘ಹೋದ ತಿಂಗಳವರೆಗೆ ಸರಿಯಾಗಿತ್ತು, ಈಗ ಡಿಸ್ಕ್ ಕಾಣುವುದೇ ಇಲ್ಲ’ ಎಂಬ ದೂರಿಗೆ ಕಾರಣ ಬಹುತೇಕ ಎಸ್‌ಎಂಬಿ. ಕಂಪ್ಯೂಟರ್ ಮತ್ತು ರೂಟರ್ ಫೈಲುಗಳ ಬಗ್ಗೆ ಮಾತಾಡಿಕೊಳ್ಳುವ ಭಾಷೆ ಅದು. ಹಳೆಯ ರೂಟರ್‌ಗಳಿಗೆ ಅದರ ಮೊದಲ ಆವೃತ್ತಿ ಮಾತ್ರ ಗೊತ್ತು. 2017ರ ಮೇ ತಿಂಗಳಲ್ಲಿ ಜಗತ್ತನ್ನೇ ಕಾಡಿದ ವಾನ್ನಾಕ್ರೈ ವೈರಸ್ ಹರಡಿದ್ದು ಇದೇ ಮೊದಲ ಆವೃತ್ತಿಯ ದೋಷದಿಂದ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ತೆಗೆಯತೊಡಗಿತು. ವಿಂಡೋಸ್ ಹೊಸದಾಗಿ ಹಾಕಿದ ಕಂಪ್ಯೂಟರ್‌ನಲ್ಲಿ ಆಫ್ ಆಗಿದ್ದ ಸಮಯ ಬಿಟ್ಟು ಒಟ್ಟು 15 ದಿನ ಅದರ ಬಳಕೆಯಾಗದಿದ್ದರೆ ತಾನಾಗಿಯೇ ಕಳಚಿಕೊಳ್ಳುವ ವ್ಯವಸ್ಥೆಯೂ ಇದೆ. ಕೆಲವು ವಾರ ರೂಟರ್ ಡಿಸ್ಕನ್ನು ತೆರೆಯದೇ ಇದ್ದವರಿಗೆ ಅದು ಕಾಣದಂತಾಗುವುದಕ್ಕೆ ಇದೂ ಒಂದು ಕಾರಣ. ಪರದೆಯ ಮೇಲೆ ಬರುವ ಸಂಖ್ಯೆ ಸಾಮಾನ್ಯವಾಗಿ 0x80070035, ಅಂದರೆ ದಾರಿ ಸಿಗಲಿಲ್ಲ ಎಂದು.

ಇದಕ್ಕೆ ವಿಡಿಯೋಗಳಲ್ಲಿ ಸಿಗುವ ಉಪಾಯ ಒಂದೇ: ‘ವಿಂಡೋಸ್ ಫೀಚರ್ಸ್’ ತೆರೆದು ಎಸ್‌ಎಂಬಿ 1 ಮತ್ತೆ ಆನ್ ಮಾಡಿ ಎಂಬುದು. ರಿಪೇರಿಯವರೂ ಹಾಗೇ ಮಾಡಿ ಕಳಿಸುತ್ತಾರೆ. ಇದನ್ನು ನಾವು ಒಪ್ಪುವುದಿಲ್ಲ. ಬ್ಯಾಕಪ್ ಮಾಡುವುದು ಫೈಲು ಉಳಿಸಿಕೊಳ್ಳಲಿಕ್ಕೆ. ಅದಕ್ಕಾಗಿ ವೈರಸ್ ಬರುವ ಬಾಗಿಲನ್ನೇ ತೆರೆದಿಟ್ಟರೆ ಏನು ಉಳಿದೀತು? ಮೊದಲು ರೂಟರ್‌ನ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ನವೀಕರಿಸಿ. ಎಷ್ಟೋ ರೂಟರ್‌ಗಳಿಗೆ ಎರಡನೇ ಆವೃತ್ತಿ ಆ ನವೀಕರಣದಲ್ಲೇ ಬಂದಿದೆ. ಸೆಟ್ಟಿಂಗ್‌ನಲ್ಲಿ ‘ಸಾಂಬಾ’ ಅಥವಾ ‘ಯುಎಸ್‌ಬಿ ಶೇರಿಂಗ್’ ಎಂಬಲ್ಲಿ ಆವೃತ್ತಿ ಆರಿಸುವ ಅವಕಾಶ ಇದೆಯೇ ನೋಡಿ. ಎರಡೂ ಇಲ್ಲವಾದರೆ ಆ ರೂಟರ್‌ಗೆ ಡಿಸ್ಕ್ ಹಚ್ಚುವುದನ್ನು ಬಿಟ್ಟು, ವಾರಕ್ಕೊಮ್ಮೆ ನೇರವಾಗಿ ಕಂಪ್ಯೂಟರ್‌ಗೇ ಸಿಕ್ಕಿಸಿ ಬ್ಯಾಕಪ್ ಮಾಡುವುದು ಮೇಲು.

2024ರ ಕೊನೆಗೆ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿ ಇನ್ನೊಂದು ಬಿಗಿ ತಂದಿದೆ. ಅದರ ಪ್ರೊ ಆವೃತ್ತಿ ಪಾಸ್‌ವರ್ಡ್ ಇಲ್ಲದ, ‘ಗೆಸ್ಟ್’ ಆಗಿ ತೆರೆಯುವ ಡಿಸ್ಕನ್ನು ಒಪ್ಪುವುದಿಲ್ಲ. ಮನೆಯ ಕಂಪ್ಯೂಟರ್‌ನಲ್ಲೂ ‘ನಿಮ್ಮ ಸಂಸ್ಥೆಯ ಭದ್ರತಾ ನೀತಿ ತಡೆಯುತ್ತಿದೆ’ ಎಂಬರ್ಥದ ಸಂದೇಶ ಬಂದು ಜನ ಗಾಬರಿಯಾಗುತ್ತಾರೆ. ಪರಿಹಾರ ಸುಲಭ. ರೂಟರ್‌ನ ಯುಎಸ್‌ಬಿ ಶೇರಿಂಗ್‌ನಲ್ಲಿ ಒಂದು ಬಳಕೆದಾರ ಹೆಸರು, ಒಂದು ಪಾಸ್‌ವರ್ಡ್ ಇಡಿ. ಆಮೇಲೆ ಕಂಪ್ಯೂಟರ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಕ್ರೆಡೆನ್ಷಿಯಲ್ ಮ್ಯಾನೇಜರ್’, ಅದರಲ್ಲಿ ‘ವಿಂಡೋಸ್ ಕ್ರೆಡೆನ್ಷಿಯಲ್ಸ್’ ತೆರೆದು ರೂಟರ್‌ನ ವಿಳಾಸ, ಆ ಹೆಸರು, ಆ ಪಾಸ್‌ವರ್ಡ್ ಸೇರಿಸಿ. ಇಲ್ಲಿ ಕೇಳುವುದು ರೂಟರ್‌ನ ಪಾಸ್‌ವರ್ಡ್. ಕಂಪ್ಯೂಟರ್ ತೆರೆಯುವ ನಾಲ್ಕಂಕಿ ಪಿನ್ ಹಾಕಿದರೆ ಎಷ್ಟು ಸಲ ಹಾಕಿದರೂ ನಡೆಯದು.

ದಾರಿಯ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ಫೈಬರ್ ಕೊಟ್ಟವರ ಪೆಟ್ಟಿಗೆ ಒಂದು, ಮನೆಯವರು ಕೊಂಡ ರೂಟರ್ ಇನ್ನೊಂದು, ಎರಡೂ ಬೇರೆ ಬೇರೆ ಹೆಸರಿನ ವೈಫೈ ಬಿಡುತ್ತಿರುತ್ತವೆ. ಡಿಸ್ಕ್ ಇರುವುದು 192.168.0.1ರ ರೂಟರ್‌ನಲ್ಲಿ, ಲ್ಯಾಪ್‌ಟಾಪ್ ಸೇರಿಕೊಂಡದ್ದು 192.168.1.1ರ ಪೆಟ್ಟಿಗೆಗೆ. ಇಂಟರ್‌ನೆಟ್ ಎರಡರಲ್ಲೂ ಬರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಫೈಬರ್ ಪೆಟ್ಟಿಗೆಯ ವೈಫೈ ಆಫ್ ಮಾಡಿಬಿಟ್ಟು ರೂಟರ್‌ನದೊಂದನ್ನೇ ಇಟ್ಟುಕೊಳ್ಳಿ. ‘ಗೆಸ್ಟ್ ವೈಫೈ’ಗೆ ಸೇರಿದ ಕಂಪ್ಯೂಟರ್‌ಗೂ ಡಿಸ್ಕ್ ಕಾಣುವುದಿಲ್ಲ, ಅದನ್ನು ಮಾಡಿರುವುದೇ ಹಾಗೆ. ವಿಂಡೋಸ್‌ನಲ್ಲಿ ಮನೆಯ ವೈಫೈ ‘ಪ್ರೈವೇಟ್’ ಎಂದಿರಲಿ. ಬ್ಯಾಕಪ್‌ಗೆ ದಾರಿ ಕೊಡುವಾಗ ರೂಟರ್‌ನ ಹೆಸರಿನ ಬದಲು ಅಂಕಿಯ ವಿಳಾಸ ಕೊಟ್ಟರೆ ಗಟ್ಟಿ. ಆದರೆ ರೂಟರ್ ಬದಲಾದ ದಿನ ಈ ವಿಳಾಸವೂ ಬದಲಾಗಿರಬಹುದು, ಬ್ಯಾಕಪ್ ಹಳೆಯ ವಿಳಾಸವನ್ನೇ ಹುಡುಕುತ್ತ ಸುಮ್ಮನಾಗುತ್ತದೆ.

ಇನ್ನು ಬ್ಯಾಕಪ್ಪಿನೊಳಗೆ ಏನು ಹೋಗುತ್ತಿದೆ ಎಂಬ ಪ್ರಶ್ನೆ. ವಿಂಡೋಸ್‌ನ ‘ಫೈಲ್ ಹಿಸ್ಟರಿ’ ಎಂಬ ಬ್ಯಾಕಪ್ ಸೌಲಭ್ಯ ತಾನಾಗಿ ತೆಗೆದುಕೊಳ್ಳುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರ್‌ಗಳನ್ನು. ನಮ್ಮ ಕಡೆ ಅಂಗಡಿಯವರು ಕಂಪ್ಯೂಟರ್ ಕೊಡುವಾಗಲೇ ಡಿ ಡ್ರೈವ್ ಮಾಡಿ, ‘ಫೈಲೆಲ್ಲ ಇದರಾಗ ಇಡ್ರಿ’ ಎಂದು ಹೇಳಿಕೊಟ್ಟಿರುತ್ತಾರೆ. ಆ ಡಿ ಡ್ರೈವ್ ಬ್ಯಾಕಪ್‌ಗೆ ಹೋಗುವುದೇ ಇಲ್ಲ! ಬ್ಯಾಡಗಿಯ ದಲಾಲಿ ಅಂಗಡಿಯ ಲೆಕ್ಕವಿರಲಿ, ಮುದ್ರಣ ಕಾಶಿ ಎನಿಸಿದ ಗದಗಿನ ಪ್ರೆಸ್ಸಿನ ಪುಟವಿನ್ಯಾಸವಿರಲಿ, ಅದು ಡಿ ಡ್ರೈವ್‌ನಲ್ಲಿದ್ದರೆ ಆ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ‘ಇನ್‌ಕ್ಲೂಡ್ ಇನ್ ಲೈಬ್ರರಿ’ ಆರಿಸಬೇಕು. ವಿಂಡೋಸ್ 11ರಲ್ಲಿ ಅದು ‘ಶೋ ಮೋರ್ ಆಪ್ಶನ್ಸ್’ ಒಳಗಿದೆ. ಟ್ಯಾಲಿಯಂಥ ಲೆಕ್ಕದ ಸಾಫ್ಟ್‌ವೇರ್ ತೆರೆದಿರುವಾಗ ತೆಗೆದ ನಕಲನ್ನು ನಂಬಬಾರದು. ಅದನ್ನು ಮುಚ್ಚಿದ ಮೇಲೆ, ಅಥವಾ ಅದರೊಳಗಿನ ಬ್ಯಾಕಪ್ ಆಯ್ಕೆಯಿಂದಲೇ ತೆಗೆಯಬೇಕು. ನುಡಿ, ಬರಹ ಎಂಬ ಕನ್ನಡ ಸಾಫ್ಟ್‌ವೇರ್‌ಗಳ ಹಳೆಯ, ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ ಮಾಡಿದ ಕೆಲಸವಿದ್ದರೆ ಆ ಫಾಂಟಿನ ಫೈಲುಗಳನ್ನೂ ಜೊತೆಗಿಡಿ. ಅವಿಲ್ಲದೆ ಹತ್ತು ವರ್ಷದ ನಂತರ ತೆರೆದರೆ ಕನ್ನಡದ ಬದಲು ಅರ್ಥವಾಗದ ಗುರುತುಗಳು ಕಾಣುತ್ತವೆ.

ಕನ್ನಡದಲ್ಲೇ ಫೈಲಿಗೆ ಹೆಸರಿಡುವವರಿಗೆ ಬೇರಾರೂ ಹೇಳದ ಒಂದು ಮಾತಿದೆ. ರೂಟರ್ ಫಾರ್ಮ್ಯಾಟ್ ಮಾಡಿದ ಇಎಕ್ಸ್‌ಟಿ4 ಡಿಸ್ಕಿನಲ್ಲಿ ಫೈಲಿನ ಹೆಸರು 255 ಬೈಟ್ (ಕಂಪ್ಯೂಟರ್‌ನಲ್ಲಿ ಜಾಗ ಅಳೆಯುವ ಸಣ್ಣ ಮಾಪ) ಮೀರುವಂತಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೇಕು, ಒತ್ತಕ್ಷರ ಮತ್ತು ಕಾಗುಣಿತದ ಗುರುತಿಗೂ ಬೇರೆಯಾಗಿ ಮೂರು. ‘ಲಗ್ನಪತ್ರಿಕೆ’ ನಮ್ಮ ಕಣ್ಣಿಗೆ ಐದಕ್ಷರ, ಯಂತ್ರಕ್ಕೆ 11 ಚಿಹ್ನೆ, 33 ಬೈಟ್. ಸಾಲದ್ದಕ್ಕೆ ಫೈಲ್ ಹಿಸ್ಟರಿ ಪ್ರತಿ ನಕಲಿನ ಹೆಸರಿಗೂ ದಿನಾಂಕ ಮತ್ತು ವೇಳೆಯನ್ನು ಅಂಟಿಸುತ್ತದೆ, ಅದಕ್ಕೇ 26 ಬೈಟ್ ಹೋಗುತ್ತದೆ. ಹೀಗೆ ವಿಂಡೋಸ್‌ನಲ್ಲಿ ಆರಾಮಾಗಿ ಉಳಿದ ಉದ್ದ ಹೆಸರು ರೂಟರ್‌ನ ಡಿಸ್ಕಿಗೆ ಹೋಗುವಾಗ ಬಿದ್ದುಹೋಗುತ್ತದೆ, ಬೇರೆ ಫೈಲುಗಳು ಹೋಗುತ್ತವೆ. ಕನ್ನಡ ಹೆಸರು ಬಿಡಬೇಕಿಲ್ಲ, ಐದಾರು ಪದದೊಳಗೆ ಮುಗಿಸಿದರೆ ಸಾಕು. ಅಂದಹಾಗೆ, ಆ ಅಂಟಿಸಿದ ವೇಳೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ. ಅದು ಜಾಗತಿಕ ವೇಳೆ, ತಪ್ಪಲ್ಲ.

ಮೊದಲ ಬ್ಯಾಕಪ್ಪನ್ನು ವೈಫೈ ಮೇಲೆ ಮಾಡಬೇಡಿ. ಗೋಡೆಯಾಚೆಯ ವೈಫೈನಲ್ಲಿ ಸೆಕೆಂಡಿಗೆ 5 ಎಂಬಿ ಸಿಕ್ಕರೆ 200 ಜಿಬಿ ಹೋಗಲು 11 ಗಂಟೆ ಬೇಕು. ಅಷ್ಟರಲ್ಲಿ ಲ್ಯಾಪ್‌ಟಾಪ್ ನಿದ್ದೆ ಹೋಗುತ್ತದೆ, ಬ್ಯಾಕಪ್ ಕಡಿಯುತ್ತದೆ. 100 ಎಂಬಿಪಿಎಸ್‌ನ (ಸೆಕೆಂಡಿಗೆ ಸುಮಾರು 12 ಎಂಬಿ) ಸಾದಾ ಲ್ಯಾನ್ ಕೇಬಲ್ ಹಚ್ಚಿದರೂ 5 ಗಂಟೆಯಲ್ಲಿ ಮುಗಿಯುತ್ತದೆ. ಪವರ್ ಸೆಟ್ಟಿಂಗ್‌ನಲ್ಲಿ ಚಾರ್ಜರ್ ಇದ್ದಾಗ ಸ್ಲೀಪ್ ಆಗದಂತೆ ಇಟ್ಟು, ರಾತ್ರಿ ಹಚ್ಚಿ ಬಿಡಿ. ನಂತರದ ಬ್ಯಾಕಪ್‌ಗಳು ಬದಲಾದದ್ದನ್ನಷ್ಟೇ ಒಯ್ಯುವುದರಿಂದ ವೈಫೈ ಸಾಕು.

ವಿಂಡೋಸ್‌ನಲ್ಲೇ ಇರುವ, ಆಜ್ಞೆ ಟೈಪ್ ಮಾಡಿ ಫೈಲು ನಕಲು ಮಾಡುವ ರೋಬೋಕಾಪಿ ಬಳಸಬಲ್ಲವರಿಗೆ ಎರಡು ಮಾತು. ಪ್ರತಿಸಲ ಎಲ್ಲ ಫೈಲುಗಳೂ ಮತ್ತೆ ನಕಲಾಗುತ್ತಿದ್ದರೆ ‘ಎಫ್‌ಎಫ್‌ಟಿ’ ಸ್ವಿಚ್ ಸೇರಿಸಿ. ಎರಡು ಯಂತ್ರಗಳು ಫೈಲಿನ ವೇಳೆ ಬರೆದಿಡುವ ಸೂಕ್ಷ್ಮತೆಯಲ್ಲಿನ ವ್ಯತ್ಯಾಸವನ್ನು ಅದು 2 ಸೆಕೆಂಡಿನವರೆಗೆ ಮನ್ನಿಸುತ್ತದೆ. ‘ಎಂಐಆರ್’ ಸ್ವಿಚ್ ಮಾತ್ರ ಎಚ್ಚರ: ಮೂಲದಲ್ಲಿ ಇಲ್ಲದ್ದನ್ನು ಅದು ಬ್ಯಾಕಪ್‌ನಿಂದಲೂ ಅಳಿಸುತ್ತದೆ. ಮಗು ತಪ್ಪಿ ಅಳಿಸಿದ ಫೋಲ್ಡರ್ ಅಂದು ರಾತ್ರಿಯೇ ಎರಡೂ ಕಡೆ ಹೋಗಿರುತ್ತದೆ. ಪೂರ್ತಿ ಕಂಪ್ಯೂಟರ್‌ನ ‘ಸಿಸ್ಟಮ್ ಇಮೇಜ್’ ತೆಗೆಯುವವರೂ ತಿಳಿದಿರಬೇಕು, ನೆಟ್‌ವರ್ಕ್ ಡಿಸ್ಕಿನಲ್ಲಿ ವಿಂಡೋಸ್ ಒಂದೇ ಇಮೇಜ್ ಇಡುತ್ತದೆ. ಹೊಸದು ಹಳೆಯದರ ಮೇಲೇ ಬರೆಯಲ್ಪಡುತ್ತದೆ, ನಡುವೆ ಕಡಿದರೆ ಎರಡೂ ಇಲ್ಲದಂತಾಗಬಹುದು.

ಆ್ಯಪಲ್ ಕಂಪ್ಯೂಟರ್ ಬಳಸುವ ಸ್ಟುಡಿಯೋ, ಡಿಟಿಪಿಯವರಿಗೆ ನೇರವಾಗಿ ಹೇಳುವುದು: ಆ್ಯಪಲ್‌ನ ಬ್ಯಾಕಪ್ ಸೌಲಭ್ಯವಾದ ಟೈಮ್ ಮಷೀನನ್ನು ಬೆಂಬಲಿಸುತ್ತದೆ ಎಂದು ರೂಟರ್‌ನ ಕೈಪಿಡಿಯಲ್ಲಿ ಬರೆದಿರದಿದ್ದರೆ ಹಚ್ಚಲು ಹೋಗಬೇಡಿ. ಬೆಂಬಲವಿದ್ದರೂ, ಬರೆಯುವಾಗ ಸಂಪರ್ಕ ಕಡಿದರೆ ‘ಹೊಸ ಬ್ಯಾಕಪ್ ಶುರು ಮಾಡಬೇಕು’ ಎಂಬ ಸಂದೇಶ ಬರಬಹುದು, ಆಗ ಹಳೆಯ ಇತಿಹಾಸವೆಲ್ಲ ಹೋಗುತ್ತದೆ. ಅವರಿಗೆ ನೇರ ಸಿಕ್ಕಿಸಿದ ಡಿಸ್ಕೇ ಸರಿ.

ಮುಂಗಾರಿಗೆ ಮೊದಲಿನ ಗುಡುಗು ಮಳೆಯಲ್ಲಿ ಕರೆಂಟ್ ಹೋಗಿ ಬರುವುದು ನಮಗೆ ಹೊಸದಲ್ಲ. ಕಂಪ್ಯೂಟರ್ ಇನ್ವರ್ಟರ್ ಮೇಲಿದ್ದು ರೂಟರ್ ಸಾದಾ ಲೈನಿನಲ್ಲಿದ್ದರೆ ಪ್ರತಿ ಸಲವೂ ಬರೆಯುತ್ತಿರುವ ಬ್ಯಾಕಪ್ ನಡುವೆ ಮುರಿಯುತ್ತದೆ. ರೂಟರ್, ಫೈಬರ್ ಪೆಟ್ಟಿಗೆ, ಡಿಸ್ಕಿನ ಅಡಾಪ್ಟರ್ ಮೂರನ್ನೂ ಅದೇ ಇನ್ವರ್ಟರ್ ಲೈನಿಗೆ ತನ್ನಿ, ಇಲ್ಲವೇ ರೂಟರ್‌ಗೆಂದೇ ಬರುವ ಸಣ್ಣ 12 ವೋಲ್ಟ್ ಯುಪಿಎಸ್ ಹಾಕಿ. ಆದರೆ ಆ ಸಣ್ಣ ಯುಪಿಎಸ್ ಎಷ್ಟು ಆಂಪಿಯರ್ ಕೊಡುತ್ತದೆ ನೋಡಿಯೇ ಕೊಳ್ಳಿ. ರೂಟರ್ ಜೊತೆ ಡಿಸ್ಕಿನ ಭಾರವೂ ಅದರ ಮೇಲೆ ಬೀಳುತ್ತದೆ.

ರೂಟರ್ ಸೆಟ್ಟಿಂಗ್‌ನಲ್ಲಿ ಡಿಸ್ಕನ್ನು ಹೊರಗಿನಿಂದ, ಇಂಟರ್‌ನೆಟ್ ಮೂಲಕ ತೆರೆಯುವ ಸೌಲಭ್ಯ ಇರುತ್ತದೆ, ಎಫ್‌ಟಿಪಿ ಎಂದೋ ಕ್ಲೌಡ್ ಎಂದೋ ಹೆಸರಿನಲ್ಲಿ. ಅದನ್ನು ಆಫ್ ಮಾಡಿ. 2021ರ ಜೂನ್‌ನಲ್ಲಿ ಹೀಗೆ ಇಂಟರ್‌ನೆಟ್‌ಗೆ ತೆರೆದಿದ್ದ ಒಂದು ಮಾದರಿಯ ನೆಟ್‌ವರ್ಕ್ ಡಿಸ್ಕುಗಳನ್ನು ಕಿಡಿಗೇಡಿಗಳು ದೂರದಿಂದಲೇ ಬರಿದು ಮಾಡಿದರು, ಹಲವು ದೇಶಗಳಲ್ಲಿ ಜನ ವರ್ಷಗಳ ಫೈಲು ಕಳೆದುಕೊಂಡರು. ಒತ್ತೆಹಣ ಕೇಳುವ ವೈರಸ್ ಬಂದರೆ ಅದು ಕಂಪ್ಯೂಟರ್‌ನ ಫೈಲುಗಳ ಜೊತೆಗೆ, ಆ ಕಂಪ್ಯೂಟರ್ ಬರೆಯಬಲ್ಲ ರೂಟರ್ ಡಿಸ್ಕನ್ನೂ ಬೀಗ ಹಾಕುತ್ತದೆ. ಆದ್ದರಿಂದ ಯಾವಾಗಲೂ ಸಿಕ್ಕಿಸಿಯೇ ಇರುವ ಡಿಸ್ಕ್ ಒಂದೇ ಸಾಲದು. ಎರಡನೆಯದೊಂದಕ್ಕೆ ತಿಂಗಳಿಗೊಮ್ಮೆ ನಕಲು ಮಾಡಿ, ಕಿತ್ತು, ಬೇರೆ ಮನೆಯಲ್ಲಿಡಿ. ಹುಬ್ಬಳ್ಳಿಯವರಿಗೆ ಧಾರವಾಡದ ಬೀಗರ ಮನೆ, ಧಾರವಾಡದವರಿಗೆ ಹುಬ್ಬಳ್ಳಿಯ ಅಕ್ಕನ ಮನೆ ಇದ್ದೇ ಇರುತ್ತದೆ, 20 ಕಿಲೋಮೀಟರ್ ದೂರ.

ತಿಂಗಳಿಗೊಮ್ಮೆ ಹತ್ತು ನಿಮಿಷ ಇದಕ್ಕಾಗಿ ಎತ್ತಿಡಿ. ಕಂಟ್ರೋಲ್ ಪ್ಯಾನೆಲ್‌ನ ಫೈಲ್ ಹಿಸ್ಟರಿಯಲ್ಲಿ ಕೊನೆಯ ನಕಲಾದ ದಿನಾಂಕ ಓದಿ. ಆಮೇಲೆ ಹೋದ ವಾರ ಮಾಡಿದ ಒಂದು ಫೈಲನ್ನು ಬ್ಯಾಕಪ್‌ನಿಂದ ಬೇರೆ ಫೋಲ್ಡರ್‌ಗೆ ತಂದು ತೆರೆದು ನೋಡಿ. ವರ್ಷಕ್ಕೆ ಎರಡು ಸಲ ಡಿಸ್ಕನ್ನು ಕಂಪ್ಯೂಟರ್‌ಗೇ ಹಚ್ಚಿ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ 05 ಮತ್ತು ಸಿ5 ಸಾಲುಗಳ ‘ರಾ ವ್ಯಾಲ್ಯೂ’ ಅಂಕಿಯನ್ನು (ಡಿಸ್ಕಿನ ಕೆಟ್ಟ ಜಾಗಗಳ ಲೆಕ್ಕ) ನೋಡಿ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಬಂದು ಅದು ಏರುತ್ತಿದ್ದರೆ ಆಗ ನಿಜವಾಗಿಯೂ ಡಿಸ್ಕ್ ಸಾಯುತ್ತಿದೆ, ಆಗ ಹೊಸದು ಕೊಳ್ಳಿ.

ಕೊಪ್ಪಿಕರ್ ರಸ್ತೆಯಿಂದ ಹಿಡಿದು ಗದಗ, ಹಾವೇರಿಯವರೆಗಿನ ಕಂಪ್ಯೂಟರ್ ಅಂಗಡಿಯವರಲ್ಲಿ ನಮ್ಮದೊಂದು ವಿನಂತಿ. ರೂಟರ್ ಮಾರುವಾಗ ಮೂರು ಸಂಗತಿಗಳನ್ನು ಬಿಲ್ಲಿನ ಹಿಂದೆ ಕೈಯಿಂದಾದರೂ ಬರೆದುಕೊಡಿ: ಅದು ಯಾವ ಫಾರ್ಮ್ಯಾಟ್ ಓದುತ್ತದೆ, ಎಷ್ಟು ಟಿಬಿವರೆಗಿನ ಡಿಸ್ಕ್ ಹಿಡಿಯುತ್ತದೆ, ಎಸ್‌ಎಂಬಿಯ ಯಾವ ಆವೃತ್ತಿ ಬಲ್ಲದು. ರಿಪೇರಿಗೆ ಬಂದ ಡಿಸ್ಕಿನ ಮೇಲೆ ಫಾರ್ಮ್ಯಾಟ್ ಗುಂಡಿ ಒತ್ತುವ ಮೊದಲು ಅದು ಇಷ್ಟು ದಿನ ಯಾವ ರೂಟರ್‌ಗೆ ಸಿಕ್ಕಿತ್ತು ಎಂದು ಗಿರಾಕಿಯನ್ನು ಕೇಳಿ.

– ಕಂಪ್ಯೂಟರ್ ಮತ್ತು ನೆಟ್‌ವರ್ಕ್ ಕೆಲಸದವರು, ಹುಬ್ಬಳ್ಳಿ-ಧಾರವಾಡ